ತುಂಡಾದ ನರ ಮತ್ತೆ ಚಿಗುರುವುದು ಹೇಗೆ? ಅಲ್ಲಿ ಗ್ರಾಫೀನ್‌ಗೇನು ಕೆಲಸ?

ತೊಳೆಯುವಾಗ ಗಾಜಿನ ಲೋಟ ಕೈಯಲ್ಲೇ ಒಡೆಯಿತು ಅಂದುಕೊಳ್ಳಿ. ಮಣಿಕಟ್ಟಿನ ಹತ್ತಿರ ಎರಡು ಸೆಂಟಿಮೀಟರ್ ಗಾಯ. ರಕ್ತ ನಿಂತಿತು, ಚರ್ಮಕ್ಕೆ ಹೊಲಿಗೆ ಬಿತ್ತು, ಎರಡು ವಾರಕ್ಕೆ ಗಾಯ ಒಣಗಿತು. ಆದರೆ ಕಿರುಬೆರಳು ಮಾತ್ರ ಜೋಮು ಹಿಡಿದ ಹಾಗೇ ಇದೆ. ಬಿಸಿ ಪಾತ್ರೆ ತಗುಲಿದರೂ ಗೊತ್ತಾಗುವುದಿಲ್ಲ. ಬೆರಳುಗಳನ್ನು ಅಗಲಿಸಲು ನೋಡಿದರೆ ಅವು ಮಾತು ಕೇಳುವುದಿಲ್ಲ. ಮೇಲಿನ ಚರ್ಮ ಕೂಡಿಕೊಂಡಿದೆ, ಒಳಗೆ ಕತ್ತರಿಸಿಹೋದ ನರ ಕೂಡಿಕೊಂಡಿಲ್ಲ.

ಇಂಥ ನರಗಳನ್ನು ಸರಿಪಡಿಸಲು ಗ್ರಾಫೀನ್ ಎಂಬ ವಸ್ತು ನೆರವಾಗಬಹುದು ಎಂಬ ಸುದ್ದಿ ಈಗ ಆಗಾಗ ಕಣ್ಣಿಗೆ ಬೀಳುತ್ತದೆ. ಗ್ರಾಫೀನ್ ವಿದ್ಯುತ್ತನ್ನು ಸಲೀಸಾಗಿ ಹರಿಸುತ್ತದೆ ಎಂದು ಓದಿದ ಕೂಡಲೇ ತಲೆಯಲ್ಲಿ ಒಂದು ಚಿತ್ರ ಬರುತ್ತದೆ. ತುಂಡಾದ ವೈರಿನ ನಡುವೆ ಹೊಸ ವೈರ್ ಸೇರಿಸಿ ಟೇಪ್ ಸುತ್ತುವ ಚಿತ್ರ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಅದು ಪೂರ್ತಿ ತಪ್ಪು. ಯಾಕೆ ತಪ್ಪು ಅನ್ನುವುದು ತಿಳಿದರೆ ಉಳಿದದ್ದೆಲ್ಲ ಸುಲಭ.

## ಯಾವುದು ನರ, ಯಾವುದು ಅಲ್ಲ

ಈ ಪದವನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಕೈಮೇಲೆ ಹಸಿರಾಗಿ ಉಬ್ಬಿ ಕಾಣುವುದೂ ನರ. ಆಸ್ಪತ್ರೆಯಲ್ಲಿ ‘ನರಕ್ಕೆ ಸೂಜಿ ಹಾಕಿದರು’ ಅನ್ನುವಾಗಲೂ ನರ. ರಾತ್ರಿ ಮೀನಖಂಡ ಸೆಟೆದುಕೊಂಡರೆ ‘ನರ ಹಿಡ್ಕೊಂಡಿದೆ’. ಮೊದಲಿನ ಎರಡೂ ರಕ್ತನಾಳ, ಮೂರನೆಯದು ಸಾಮಾನ್ಯವಾಗಿ ಸ್ನಾಯು ಸೆಳೆತ. ನಿಜವಾದ ನರ ಹೀಗೆ ಹೊರಗೆ ಕಾಣುವುದಿಲ್ಲ. ಆದರೆ ಅದರ ಪರಿಚಯ ಎಲ್ಲರಿಗೂ ಇದೆ. ಮೊಣಕೈ ಮೇಜಿನ ಅಂಚಿಗೆ ತಗುಲಿದಾಗ ಕಿರುಬೆರಳಿನವರೆಗೂ ಶಾಕ್ ಹೊಡೆದ ಹಾಗಾಗುತ್ತದೆ, ಅಲ್ವಾ? ಅಲ್ಲಿ ಅಲ್ನಾರ್ ಎಂಬ ನರ ಚರ್ಮದ ಕೆಳಗೇ, ಮೂಳೆಗೆ ಒತ್ತಿಕೊಂಡು ಹಾದುಹೋಗುತ್ತದೆ. ಲೋಟದ ಗಾಜು ಮಣಿಕಟ್ಟಿನಲ್ಲಿ ಕೊಯ್ದದ್ದೂ ಇದೇ ನರವನ್ನು.

ಮಿದುಳು ಮತ್ತು ಬೆನ್ನುಹುರಿ ಒಂದು ಕಡೆ. ಅಲ್ಲಿಂದ ಹೊರಟು ಕೈಕಾಲು, ಮುಖ, ಮೈಯೆಲ್ಲ ಹರಡುವ ನರಗಳು ಇನ್ನೊಂದು ಕಡೆ. ಇವುಗಳಿಗೆ ಹೊರ ನರಗಳು ಎನ್ನೋಣ. ಈ ಭೇದ ಮುಖ್ಯ. ಬೆನ್ನುಹುರಿಯೊಳಗೆ ಕಡಿದುಹೋದ ತಂತು ಹೆಚ್ಚುಕಡಿಮೆ ಮತ್ತೆ ಬೆಳೆಯುವುದಿಲ್ಲ. ಹೊರ ನರಗಳಿಗೆ ಮಾತ್ರ ಮತ್ತೆ ಚಿಗುರುವ ಗುಣ ಉಳಿದಿದೆ. ಈ ಲೇಖನ ಅವುಗಳದ್ದು.

ಒಂದು ನರವನ್ನು ಅಡ್ಡ ಕೊಯ್ದು ನೋಡಿದರೆ ಹಳೆಯ ಕಾಲದ ಟೆಲಿಫೋನ್ ಕೇಬಲ್ಲಿನ ಹಾಗೆ ಕಾಣುತ್ತದೆ. ಹೊರಗೊಂದು ಹೊದಿಕೆ, ಒಳಗೆ ಹಲವು ಕಟ್ಟುಗಳು, ಪ್ರತಿ ಕಟ್ಟಿನಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ತಂತುಗಳು. ದೊಡ್ಡ ನರದಲ್ಲಿ ಇಂಥ ತಂತುಗಳು ಸಾವಿರಗಟ್ಟಲೆ. ಈ ತಂತುವಿಗೆ ಆಕ್ಸಾನ್ ಎಂದು ಹೆಸರು.

ಆಕ್ಸಾನ್ ತಾನೇ ಒಂದು ಪೂರ್ತಿ ಕೋಶ ಅಲ್ಲ. ಅದು ಒಂದು ಕೋಶದ ಬಾಲ. ಕೋಶದ ಒಡಲು ಇರುವುದು ಬೆನ್ನುಹುರಿಯಲ್ಲಿ ಅಥವಾ ಅದರ ಪಕ್ಕದಲ್ಲಿ. ಪಾದದ ಬೆರಳಿಗೆ ಹೋಗುವ ಬಾಲ ಒಂದು ಮೀಟರ್ ಉದ್ದ ಇರಬಹುದು. ಒಡಲಿನ ಅಗಲವೋ, ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಒಡಲನ್ನು ಫುಟ್‌ಬಾಲ್‌ನಷ್ಟು ಹಿಗ್ಗಿಸಿದರೆ ಬಾಲ ಸುಮಾರು ನಾಲ್ಕು ಕಿಲೋಮೀಟರ್ ಆದೀತು! ಬಾಲಕ್ಕೆ ಬೇಕಾದ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ಆ ಪುಟ್ಟ ಒಡಲಿನಲ್ಲೇ.

ಆಕ್ಸಾನಿನ ಸುತ್ತ ಶ್ವಾನ್ ಕೋಶಗಳು ಎಂಬ ಸಹಾಯಕರು ಸಾಲಾಗಿ ಕುಳಿತಿರುತ್ತಾರೆ. ಅನೇಕ ತಂತುಗಳಿಗೆ ಇವರು ಮಯಲಿನ್ ಎಂಬ ಕೊಬ್ಬಿನ ಪದರವನ್ನು ಸುತ್ತುತ್ತಾರೆ. ಆ ಸುತ್ತು ಇರುವ ದಪ್ಪ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರ್ ವೇಗದಲ್ಲೂ ಓಡಬಲ್ಲದು. ಶ್ವಾನ್ ಕೋಶಗಳನ್ನು ನೆನಪಿಡಿ, ಮುಂದೆ ಇವರದ್ದೇ ದೊಡ್ಡ ಪಾತ್ರ.

## ವೈರ್ ಜೋಡಿಸಿದರೆ ಯಾಕೆ ಸಾಲದು

ತಾಮ್ರದ ವೈರಿನಲ್ಲಿ ಓಡುವುದು ಎಲೆಕ್ಟ್ರಾನ್‌ಗಳು. ನರದಲ್ಲಿ ಆಗುವುದೇ ಬೇರೆ. ಆಕ್ಸಾನಿನ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸಂದೇಶ ಬಂದಾಗ ಅದರ ಗೋಡೆಯಲ್ಲಿರುವ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ಒಂದು ಕಡೆ ಬಾಗಿಲು ತೆರೆದದ್ದು ಪಕ್ಕದ ಬಾಗಿಲನ್ನೂ ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದ ಹಾಗೆ. ಇಟ್ಟಿಗೆ ತನ್ನ ಜಾಗ ಬಿಟ್ಟು ಓಡುವುದಿಲ್ಲ, ಬೀಳುವಿಕೆ ಮಾತ್ರ ಮುಂದೆ ಹೋಗುತ್ತದೆ. ಅಂದರೆ ಸಂದೇಶ ಸಾಗಬೇಕಾದರೆ ದಾರಿಯುದ್ದಕ್ಕೂ ಜೀವಂತ ಗೋಡೆ ಇರಲೇಬೇಕು.

ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. ಕಡಿದ ಜಾಗದಿಂದ ಆಚೆಗಿನ ತುಂಡು ಉಳಿಯುವುದೇ ಇಲ್ಲ. ಒಡಲಿನಿಂದ ಸಂಬಂಧ ಕಡಿದ ಮೇಲೆ ಅದಕ್ಕೆ ಪೂರೈಕೆ ಎಲ್ಲಿಂದ? ಕೆಲವೇ ದಿನಗಳಲ್ಲಿ ಅದು ಪುಡಿಪುಡಿಯಾಗುತ್ತದೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ ಕಪ್ಪೆಯ ನಾಲಿಗೆಗೆ ಹೋಗುವ ನರಗಳನ್ನು ಕತ್ತರಿಸಿ ಇದನ್ನು ಕಂಡು ದಾಖಲಿಸಿದರು. ಈಗಲೂ ಇದಕ್ಕೆ ಅವರದ್ದೇ ಹೆಸರು. ಹೀಗಿರುವಾಗ ನಡುವೆ ವೈರ್ ಹಾಕಿ ಜೋಡಿಸುವುದಾದರೂ ಯಾವುದಕ್ಕೆ? ಆಚೆ ಬದಿಯಲ್ಲಿ ಉಳಿದಿರುವುದು ಖಾಲಿ ಕೊಳವೆಗಳು ಮಾತ್ರ.

ಹಾಗಾಗಿ ನರ ರಿಪೇರಿ ಅಂದರೆ ತೋಟದ ಕೆಲಸಕ್ಕೆ ಹತ್ತಿರ. ಬುಡದಿಂದ ಹೊಸ ಕುಡಿ ಚಿಗುರಬೇಕು, ಸರಿಯಾದ ಕಡೆಗೆ ಹಬ್ಬಬೇಕು, ಕೊನೆಗೆ ಸ್ನಾಯುವನ್ನೋ ಚರ್ಮವನ್ನೋ ಮುಟ್ಟಬೇಕು. ಹಬ್ಬಲು ಅದಕ್ಕೊಂದು ಚಪ್ಪರ ಬೇಕು. ಗ್ರಾಫೀನ್ ಬರುವುದು ಆ ಚಪ್ಪರದ ಭಾಗವಾಗಿ.

## ದಿನಕ್ಕೆ ಒಂದು ಮಿಲಿಮೀಟರ್

ಕಡಿದ ಕೂಡಲೇ ಶ್ವಾನ್ ಕೋಶಗಳು ತಮ್ಮ ಕಸುಬು ಬದಲಿಸುತ್ತವೆ. ಮಯಲಿನ್ ಸುತ್ತುವುದನ್ನು ಬಿಟ್ಟು ಕಸ ಗುಡಿಸಲು ನಿಲ್ಲುತ್ತವೆ. ರಕ್ತದಿಂದ ಬರುವ ಕಸಭಕ್ಷಕ ಕೋಶಗಳು ಜೊತೆಗೂಡುತ್ತವೆ. ಗುಡಿಸಿದ ಮೇಲೆ ಶ್ವಾನ್ ಕೋಶಗಳು ಖಾಲಿ ಕೊಳವೆಯೊಳಗೆ ಸಾಲುಗಟ್ಟಿ ನಿಂತು, ಬೆಳವಣಿಗೆಗೆ ಬೇಕಾದ ರಾಸಾಯನಿಕಗಳನ್ನು ಸುರಿಸುತ್ತವೆ. ‘ಈ ಕಡೆ ಬಾ’ ಎಂದು ಕರೆದ ಹಾಗೆ.

ಈಚೆ ತುದಿಯಲ್ಲಿ ಆಕ್ಸಾನ್ ಚಿಗುರುತ್ತದೆ. ಅದರ ತುದಿಯಲ್ಲಿ ಅಂಗೈಯಂಥ ಒಂದು ರಚನೆ, ಅದರಿಂದ ಚಾಚುವ ಸಣ್ಣ ಬೆರಳುಗಳು. ಸುತ್ತ ತಡವುತ್ತ, ಹಿಡಿತ ಸಿಕ್ಕ ಕಡೆ ಮುಂದೆ ಸರಿಯುತ್ತದೆ. ಸ್ಪೇನ್‌ನ ರಾಮೋನ್ ಇ ಕಹಾಲ್ 1890ರಲ್ಲೇ ಇದನ್ನು ಗುರುತಿಸಿ ‘ಬೆಳವಣಿಗೆಯ ಶಂಕು’ ಎಂದು ಕರೆದರು. ಹಿಡಿತ ಸಿಗದಿದ್ದರೆ ಕುಡಿಗಳು ಅಲ್ಲೇ ಸುತ್ತಿಕೊಂಡು ಗಂಟಾಗುತ್ತವೆ. ಮುಟ್ಟಿದರೆ ಜೀವ ಹೋಗುವಷ್ಟು ನೋಯುವ ಗಂಟು ಅದು.

ಈ ಪಯಣದ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ. ಮೊಣಕೈಯಿಂದ ಅಂಗೈಗೆ 30 ಸೆಂಟಿಮೀಟರ್ ಅಂದರೆ 300 ದಿನ. ಭುಜದ ಹತ್ತಿರ ಕಡಿದರೆ ಅಂಗೈ ತಲುಪಲು ಎರಡು ವರ್ಷವೇ ಬೇಕಾದೀತು. ಆದರೆ ಸ್ನಾಯು ಅಷ್ಟು ದಿನ ಕಾಯುವುದಿಲ್ಲ. ನರದ ಸಂಪರ್ಕ ತಪ್ಪಿದ ಸ್ನಾಯು ಸೊರಗುತ್ತ ಹೋಗುತ್ತದೆ. ಸುಮಾರು 12ರಿಂದ 18 ತಿಂಗಳು ದಾಟಿದರೆ ನರ ಬಂದು ಮುಟ್ಟಿದರೂ ಅದು ಸರಿಯಾಗಿ ಎಚ್ಚರಗೊಳ್ಳುವುದು ಕಷ್ಟ. ಆಚೆ ಕೊಳವೆಯಲ್ಲಿ ಕಾಯುವ ಶ್ವಾನ್ ಕೋಶಗಳ ಕರೆಯೂ ತಿಂಗಳು ಕಳೆದಂತೆ ಕ್ಷೀಣಿಸುತ್ತದೆ. ನರ ರಿಪೇರಿಯ ಕಷ್ಟವೆಲ್ಲ ಹೆಚ್ಚುಕಡಿಮೆ ಇಲ್ಲೇ ಇದೆ. ನರ ಬೆಳೆಯುತ್ತದೆ, ಆದರೆ ಹೊತ್ತು ಮೀರುವ ಮುಂಚೆ ತಲುಪಬೇಕು.

ನರ ಎಲ್ಲಿಯವರೆಗೆ ಬಂತು ಅಂತ ತಿಳಿಯಲು ಡಾಕ್ಟರುಗಳು ಬಳಸುವ ಒಂದು ಉಪಾಯ ನನಗೆ ತುಂಬ ಇಷ್ಟ. ನರ ಹೋಗುವ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಚಿಗುರಿನ ತುದಿ ಇರುವ ಜಾಗಕ್ಕೆ ತಟ್ಟಿದಾಗ ರೋಗಿಗೆ ಜುಂ ಅನ್ನುತ್ತದೆ. ಮುಂದಿನ ತಿಂಗಳು ಆ ‘ಜುಂ’ ಸುಮಾರು ಮೂರು ಸೆಂಟಿಮೀಟರ್ ಮುಂದೆ ಸರಿದಿದ್ದರೆ ನರ ಬೆಳೆಯುತ್ತಿದೆ ಎಂದರ್ಥ. ಫ್ರಾನ್ಸ್‌ನ ಟಿನೆಲ್ ಮತ್ತು ಜರ್ಮನಿಯ ಹಾಫ್‌ಮನ್ ಇಬ್ಬರೂ 1915ರಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರ ನಡುವೆ, ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಆಗ ಅವರ ದೇಶಗಳು ಎದುರುಬದುರು ಪಾಳೆಯದಲ್ಲಿದ್ದವು.

## ಈಗಿರುವ ಚಿಕಿತ್ಸೆ

ಕಡಿತ ಚೊಕ್ಕವಾಗಿದ್ದು ಎರಡು ತುದಿಗಳೂ ಎಳೆಯದೆ ಸೇರುವಂತಿದ್ದರೆ ನೇರವಾಗಿ ಹೊಲಿಯುತ್ತಾರೆ. ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ತೆಳ್ಳಗಿನ ದಾರದಿಂದ, ಹೊರ ಹೊದಿಕೆಗಷ್ಟೇ ಹೊಲಿಗೆ. ಒಳಗಿನ ಆಕ್ಸಾನ್‌ಗಳನ್ನು ಹೊಲಿಯುವುದು ಯಾರ ಕೈಯಲ್ಲೂ ಆಗದ ಮಾತು.

ನಡುವೆ ಅಂತರ ಬಿದ್ದಿದ್ದರೆ ಎಳೆದು ಹೊಲಿಯುವ ಹಾಗಿಲ್ಲ. ಎಳೆತ ಜಾಸ್ತಿಯಾದರೆ ನರದ ರಕ್ತ ಸಂಚಾರ ನಿಲ್ಲುತ್ತದೆ. ಆಗ ರೋಗಿಯ ಮೈಯಿಂದಲೇ ಒಂದು ನರದ ತುಂಡು ತೆಗೆದು ನಡುವೆ ಕೂಡಿಸುತ್ತಾರೆ. ಸಾಮಾನ್ಯವಾಗಿ ಮೀನಖಂಡದ ಹಿಂದೆ ಹಾದುಹೋಗುವ ಸೂರಲ್ ನರ. ಇಂದಿಗೂ ಇದೇ ಅತ್ಯಂತ ಭರವಸೆಯ ವಿಧಾನ. ಆದರೆ ಕೈ ಸರಿಮಾಡಲು ಹೋಗಿ ಪಾದದ ಹೊರ ಅಂಚು ಮರಗಟ್ಟುತ್ತದೆ. ತೆಗೆಯಲು ಸಿಗುವ ನರವೂ ಮಿತ.

ದಾನಿಯ ಮೃತದೇಹದಿಂದ ಪಡೆದು, ಜೀವಕೋಶಗಳನ್ನು ತೊಳೆದು ತೆಗೆದ ನರದ ಹಂದರವೂ ಬಳಕೆಯಲ್ಲಿದೆ. ಇನ್ನೊಂದು ದಾರಿ ಕೊಳವೆ. ಕೊಲಾಜನ್ ಅಥವಾ ಮೈಯಲ್ಲಿ ಕರಗುವ ಪಾಲಿಮರ್‌ನಿಂದ ಮಾಡಿದ ಪುಟ್ಟ ನಳಿಗೆಯೊಳಗೆ ಎರಡು ತುದಿಗಳನ್ನೂ ತೂರಿಸಿ ಹೊಲಿಯುವುದು. ಕುಡಿಗಳು ಆಚೀಚೆ ಅಲೆಯದೆ ಒಳಗೇ ಬೆಳೆಯುತ್ತವೆ. ಸಣ್ಣ ಅಂತರಕ್ಕೆ ಇದು ಸಾಕು. ಸುಮಾರು 3 ಸೆಂಟಿಮೀಟರ್ ದಾಟಿದರೆ ಖಾಲಿ ನಳಿಗೆಯ ಮೇಲೆ ಭರವಸೆ ಇಡುವಂತಿಲ್ಲ. ಕತ್ತಲ ಸುರಂಗಕ್ಕೆ ಗೋಡೆ ಇದೆ, ಒಳಗೆ ಹಿಡಿದು ನಡೆಯಲು ಏನೂ ಇಲ್ಲ. ಸಂಶೋಧಕರು ಗ್ರಾಫೀನ್ ಕಡೆ ನೋಡಿದ್ದು ಈ ಕೊರತೆಯಿಂದ.

## ಪೆನ್ಸಿಲ್ ಗೆರೆಯೊಳಗಿನ ವಸ್ತು

ಪೆನ್ಸಿಲ್ಲಿನ ಕಪ್ಪು ಕಡ್ಡಿಯಲ್ಲಿರುವುದು ಗ್ರಾಫೈಟ್. ಅದು ಇಂಗಾಲದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಕಟ್ಟು. ಬರೆಯುವಾಗ ಹಾಳೆಗಳು ಜಾರಿ ಕಾಗದಕ್ಕೆ ಅಂಟುತ್ತವೆ. ಅಂಥ ಒಂದೇ ಒಂದು ಹಾಳೆ ಗ್ರಾಫೀನ್. ದಪ್ಪ ಒಂದು ಪರಮಾಣುವಿನಷ್ಟು. ಒಂದು ಮಿಲಿಮೀಟರ್ ಗ್ರಾಫೈಟ್‌ನಲ್ಲಿ ಸುಮಾರು 30 ಲಕ್ಷ ಹಾಳೆಗಳು. ಹಾಳೆಯೊಳಗೆ ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಜಾಲವಾಗಿ ಕೂತಿರುತ್ತವೆ.

2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಈ ಒಂಟಿ ಹಾಳೆಯನ್ನು ಬೇರ್ಪಡಿಸಿ ತೋರಿಸಿದರು. ಉಪಕರಣ? ಸಾಮಾನ್ಯ ಅಂಟು ಟೇಪ್. ಗ್ರಾಫೈಟಿಗೆ ಅಂಟಿಸಿ ಕೀಳುವುದು, ಮಡಿಸಿ ಮತ್ತೆ ಕೀಳುವುದು. 2010ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಇದು ಉಕ್ಕಿಗಿಂತ ಎಷ್ಟೋ ಪಾಲು ಗಟ್ಟಿ, ಬಾಗುತ್ತದೆ, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ.

ವೈದ್ಯಕೀಯದಲ್ಲಿ ಹೆಚ್ಚಾಗಿ ಬಳಸುವುದು ಇದರ ಇಬ್ಬರು ದಾಯಾದಿಗಳನ್ನು. ಹಾಳೆಗೆ ಆಮ್ಲಜನಕದ ಗುಂಪುಗಳು ಅಂಟಿದರೆ ಗ್ರಾಫೀನ್ ಆಕ್ಸೈಡ್. ನೀರಿನಲ್ಲಿ ಸುಲಭವಾಗಿ ಬೆರೆಯುತ್ತದೆ, ಪ್ರೋಟೀನ್‌ಗಳಿಗೆ ಒಗ್ಗುತ್ತದೆ, ಆದರೆ ವಿದ್ಯುತ್ ಹರಿಸುವುದು ಕಡಿಮೆ. ಆ ಆಮ್ಲಜನಕವನ್ನು ಬಹುಪಾಲು ತೆಗೆದುಹಾಕಿದರೆ ವಿದ್ಯುತ್ ಹರಿಸುವ ಗುಣ ಸ್ವಲ್ಪಮಟ್ಟಿಗೆ ಮರಳುತ್ತದೆ. ಸುದ್ದಿಯಲ್ಲಿ ಎಲ್ಲಕ್ಕೂ ಸುಮ್ನೆ ಗ್ರಾಫೀನ್ ಅಂದುಬಿಡುತ್ತಾರೆ. ಇವುಗಳ ನಡತೆ ಮೈಯೊಳಗೆ ಒಂದೇ ಅಲ್ಲ.

## ಕೊಳವೆಯೊಳಗೆ ಅದು ಮಾಡುವ ಕೆಲಸ

ಬರೀ ಗ್ರಾಫೀನ್‌ನಿಂದ ಕೊಳವೆ ಮಾಡುವುದು ಅಪರೂಪ. ಕರಗುವ ಪಾಲಿಮರ್‌ಗೆ ಅದನ್ನು ಚಿಟಿಕೆಯಷ್ಟು ಬೆರೆಸುತ್ತಾರೆ ಅಥವಾ ಒಳಗೋಡೆಗೆ ಲೇಪಿಸುತ್ತಾರೆ. ಸಿಮೆಂಟಿನ ಗೋಡೆಗೆ ಕಬ್ಬಿಣದ ಸರಳು ಸೇರಿಸಿದ ಹಾಗೆ ಸ್ವಲ್ಪದರಲ್ಲೇ ಬಲ ಬರುತ್ತದೆ. ಬೆರಳು ಮಡಿಸಿದಾಗ ನಳಿಗೆ ಕುಸಿದು ಒಳಗಿನ ಕುಡಿಯನ್ನು ಅಮುಕಬಾರದಲ್ಲ!

ಎರಡನೆಯದು ಹಿಡಿತ. ಪಾಲಿಮರ್‌ಗಳ ಮೈ ನುಣುಪು, ಕೋಶಗಳಿಗೆ ಅಲ್ಲಿ ಕಾಲೂರಲು ಆಗುವುದಿಲ್ಲ. ಗ್ರಾಫೀನ್ ಆಕ್ಸೈಡ್ ಸೇರಿದಾಗ ಪ್ರೋಟೀನ್‌ಗಳು ಅಂಟಿಕೊಳ್ಳುತ್ತವೆ, ಅವುಗಳ ಮೇಲೆ ಶ್ವಾನ್ ಕೋಶಗಳು ನೆಲೆಯೂರುತ್ತವೆ. ನಳಿಗೆಯ ಒಳಗೆ ಉದ್ದುದ್ದ ಗೀರುಗಳೋ ನೂಲಿನಂಥ ಎಳೆಗಳೋ ಇದ್ದರೆ ಕೋಶಗಳು ಅದೇ ದಿಕ್ಕಿಗೆ ಮೈಚಾಚುತ್ತವೆ. ಬೆಳವಣಿಗೆಯ ಶಂಕು ತಡವುತ್ತ ಬಂದಾಗ ಅದಕ್ಕೆ ಬೇಕಾದ ಹಿಡಿಗಂಬಿ ಸಿಗುತ್ತದೆ.

ಮೂರನೆಯದು ವಿದ್ಯುತ್. ಸಂದೇಶ ಒಯ್ಯಲು ಅಲ್ಲ ಎಂದಾದರೆ ಮತ್ತೆ ಯಾತಕ್ಕೆ? ಚಿಗುರನ್ನು ಎಬ್ಬಿಸಲು.

2000ದಲ್ಲಿ ಕೆನಡಾದಲ್ಲಿ ಟೆಸ್ಸಾ ಗಾರ್ಡನ್ ಅವರ ತಂಡ ಇಲಿಗಳ ತೊಡೆಯ ನರವನ್ನು ಕತ್ತರಿಸಿ, ಹೊಲಿದು, ಸೆಕೆಂಡಿಗೆ 20 ಸಲದಂತೆ ಒಂದೇ ಒಂದು ಗಂಟೆ ಮೆಲುವಾದ ವಿದ್ಯುತ್ ಕೊಟ್ಟಿತು. ಹಾಗೇ ಬಿಟ್ಟ ಇಲಿಗಳಲ್ಲಿ ಚಲನೆಯ ತಂತುಗಳೆಲ್ಲ ಆಚೆ ಬೆಳೆಯಲು 8ರಿಂದ 10 ವಾರ ಬೇಕಾದರೆ, ಇವುಗಳಲ್ಲಿ 3 ವಾರ ಸಾಕಾಯಿತು. ಗಮನಿಸಿ, ದಿನಕ್ಕೆ ಒಂದು ಮಿಲಿಮೀಟರ್ ಎಂಬ ನಡಿಗೆಯ ವೇಗ ಹೆಚ್ಚಾಗಲಿಲ್ಲ. ಕಡಿದ ಜಾಗವನ್ನು ದಾಟುವಾಗ ತಂತುಗಳು ಬಾಗಿಲಲ್ಲಿ ತಡವರಿಸುವ ಗುಂಪಿನಂತೆ ನಿಲ್ಲುತ್ತವೆ. ಕೆಲವು ಇಂದು ದಾಟಿದರೆ ಕೆಲವು ತಿಂಗಳ ಮೇಲೆ. ವಿದ್ಯುತ್ ಆ ತಡವರಿಕೆಯನ್ನು ಕಡಿಮೆ ಮಾಡಿತು. ಕೋಶದ ಒಡಲು ಬೆಳವಣಿಗೆಯ ಪ್ರೋಟೀನ್‌ಗಳನ್ನು ಬೇಗ ತಯಾರಿಸತೊಡಗಿತು. ಮುಂದೆ ಮಣಿಕಟ್ಟಿನಲ್ಲಿ ನರ ಒತ್ತಿಹೋದ ರೋಗಿಗಳ ಶಸ್ತ್ರಚಿಕಿತ್ಸೆಯ ನಂತರವೂ ಇದನ್ನು ಪ್ರಯೋಗಿಸಿ ಒಳ್ಳೆಯ ಫಲ ಕಂಡರು.

ಮಾಮೂಲಿ ಪಾಲಿಮರ್ ನಳಿಗೆ ವಿದ್ಯುತ್ತಿಗೆ ಗೋಡೆಯಿದ್ದಂತೆ. ಗ್ರಾಫೀನ್ ಬೆರೆತ ನಳಿಗೆಯಾದರೆ ಅಂಥ ಪ್ರಚೋದನೆಯನ್ನು ಅಂತರದ ಉದ್ದಕ್ಕೂ ಹಂಚಬಲ್ಲದು. ಹೊರಗಿನಿಂದ ಏನೂ ಕೊಡದಿದ್ದರೂ ವಿದ್ಯುತ್ ಹರಿಸುವ ಮೇಲ್ಮೈ ಮೇಲೆ ನರಕೋಶಗಳು ಚೆನ್ನಾಗಿ ಬೆಳೆದದ್ದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

## ಇಲಿಯ ಹೆಜ್ಜೆಗುರುತು

2018ರಲ್ಲಿ ಚೀನಾದ ಸಂಶೋಧಕರು ಗ್ರಾಫೀನ್ ಸೇರಿಸಿದ, ಪದರ ಪದರವಾಗಿ ಎರಕ ಹೊಯ್ದ ನಳಿಗೆಯೊಂದನ್ನು ಇಲಿಗಳ ಕಾಲಿನ ದೊಡ್ಡ ನರದಲ್ಲಿ ಕೂಡಿಸಿದರು. ಕೋಶಗಳಿಗೆ ಹಿಡಿತ ಸಿಗಲೆಂದು ಅದಕ್ಕೆ ಪಾಲಿಡೋಪಮೈನ್ ಲೇಪಿಸಿದ್ದರು. ಬಂಡೆಗೆ ಕಚ್ಚಿಕೊಳ್ಳುವ ಸಮುದ್ರದ ಚಿಪ್ಪುಜೀವಿಯ ಅಂಟನ್ನು ನೋಡಿ ಕಲಿತ ಲೇಪ ಅದು. ಆಕ್ಸಾನ್‌ಗಳು ದಾಟಿದವು, ಮೇಲೆ ಹೊಸ ಮಯಲಿನ್ ಸುತ್ತಿಕೊಂಡಿತು.

ಇಂಥ ಪ್ರಯೋಗಗಳಲ್ಲಿ ಇಲಿಯ ನರ ಸರಿಯಾಯಿತೋ ಇಲ್ಲವೋ ಅಂತ ನೋಡುವ ಒಂದು ಬಗೆ ಹೀಗಿದೆ. ಹಿಂಗಾಲಿನ ಪಾದಗಳಿಗೆ ಶಾಯಿ ಹಚ್ಚಿ, ಕಿರಿದಾದ ಓಣಿಯಲ್ಲಿ ಹಾಸಿದ ಕಾಗದದ ಮೇಲೆ ನಡೆಸುತ್ತಾರೆ. ನರ ಸತ್ತ ಪಾದದ ಬೆರಳುಗಳು ಮುದುಡಿಕೊಂಡಿರುತ್ತವೆ, ಗುರುತು ಉದ್ದಕ್ಕೆ ಎಳೆದ ಹಾಗೆ ಬೀಳುತ್ತದೆ. ನರ ಮರಳಿದ ಪಾದದ ಬೆರಳುಗಳು ಬಿಡಿಬಿಡಿಯಾಗಿ ಅಗಲವಾಗಿ ಮೂಡುತ್ತವೆ. ಸ್ಕೇಲ್ ಇಟ್ಟು ಅಳೆಯುತ್ತಾರೆ.

ಇಲ್ಲೊಂದು ಎಚ್ಚರಿಕೆ ಬೇಕು. ಇಲಿಯ ನರ ಮನುಷ್ಯನದ್ದಕ್ಕಿಂತ ಧಾರಾಳವಾಗಿ ಚಿಗುರುತ್ತದೆ, ಸಾಗಬೇಕಾದ ದಾರಿಯೂ ಗಿಡ್ಡ. ಇಲಿಯಲ್ಲಿ ಒಂದೂವರೆ ಸೆಂಟಿಮೀಟರ್ ದಾಟಿದ್ದು ನಮ್ಮ ತೋಳಿನಲ್ಲಿ ಎಂಟು ಸೆಂಟಿಮೀಟರ್ ದಾಟುತ್ತದೆ ಎಂದು ಹೇಳಲು ಬರುವುದಿಲ್ಲ. ಗ್ರಾಫೀನ್ ನಳಿಗೆಗಳು ಇನ್ನೂ ಆಸ್ಪತ್ರೆಯ ನಿತ್ಯದ ಬಳಕೆಗೆ ಬಂದಿಲ್ಲ. ಮನುಷ್ಯರ ನರವ್ಯೂಹಕ್ಕೆ ಗ್ರಾಫೀನ್ ಕಾಲಿಟ್ಟದ್ದು ಬೇರೆ ಬಾಗಿಲಿನಿಂದ. 2024ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ, ಮಿದುಳಿನ ಗೆಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ವೇಳೆ, ಮಿದುಳಿನ ಸಂಕೇತಗಳನ್ನು ಓದಲು ಗ್ರಾಫೀನ್ ವಿದ್ಯುದ್ವಾರಗಳನ್ನು ತಾತ್ಕಾಲಿಕವಾಗಿ ಇಟ್ಟರು.

## ಮೈಯಲ್ಲಿ ಉಳಿದರೆ?

ಎಲ್ಲರಿಗೂ ಬರುವ ಅನುಮಾನ ಇದು. ಪಾಲಿಮರ್ ಕರಗಿಹೋಗುತ್ತದೆ, ಅದರೊಳಗಿದ್ದ ಇಂಗಾಲದ ಹಾಳೆಗಳು ಎಲ್ಲಿಗೆ ಹೋಗುತ್ತವೆ? ಪ್ರಮಾಣ ಹೆಚ್ಚಾದರೆ, ಅಥವಾ ಹಾಳೆಯ ಅಂಚು ಚೂಪಾಗಿದ್ದರೆ, ಅವು ಕೋಶದ ಪೊರೆಗೆ ಹಾನಿ ಮಾಡುವುದುಂಟು. ಬಿಡಿ ಚೂರುಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಸೇರಿಕೊಳ್ಳಬಹುದು. ಗಾತ್ರ, ಪ್ರಮಾಣ, ಶುದ್ಧತೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಒಂದು ಪ್ರಯೋಗಾಲಯದ ಗ್ರಾಫೀನ್ ಇನ್ನೊಂದರದ್ದರಂತೆ ಇರುವುದಿಲ್ಲ ಅನ್ನುವುದೇ ದೊಡ್ಡ ತಲೆನೋವು.

ಸಮಾಧಾನದ ಸುದ್ದಿಯೂ ಇದೆ. ನಮ್ಮ ಬಿಳಿ ರಕ್ತಕಣಗಳಲ್ಲಿರುವ ಮಯಲೋಪೆರಾಕ್ಸಿಡೇಸ್ ಎಂಬ ಕಿಣ್ವ ಗ್ರಾಫೀನ್ ಹಾಳೆಗಳನ್ನು ಒಡೆಯಬಲ್ಲದು ಎಂದು 2018ರಲ್ಲಿ ತೋರಿಸಿದರು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 14 ಮಂದಿ ಸ್ವಯಂಸೇವಕರು ಸೈಕಲ್ ತುಳಿಯುತ್ತ ಶುದ್ಧವಾದ ಗ್ರಾಫೀನ್ ಆಕ್ಸೈಡ್ ಬೆರೆತ ಗಾಳಿಯನ್ನು ಎರಡು ಗಂಟೆ ಉಸಿರಾಡಿದರು. ತಕ್ಷಣದ ಕೆಡುಕೇನೂ ಕಾಣಲಿಲ್ಲ. ಆದರೆ ಎರಡು ಗಂಟೆ ಉಸಿರಾಡುವುದು ಬೇರೆ, ಮೈಯೊಳಗೆ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಬೇರೆ.

ಲೋಟ ಒಡೆದ ಆ ಕೈಗೆ ಮರಳೋಣ. ಅದಕ್ಕೆ ಗ್ರಾಫೀನ್ ಬರುವವರೆಗೆ ಕಾಯುವ ಪುರುಸೊತ್ತು ಇಲ್ಲ. ಗಾಯದ ಆಚೆ ಸ್ಪರ್ಶ ಇಲ್ಲವೆಂದು ಗೊತ್ತಾದ ದಿನವೇ ನರವನ್ನು ಪರೀಕ್ಷೆ ಮಾಡಿಸಬೇಕು, ಕಡಿದಿದ್ದರೆ ಆದಷ್ಟು ಬೇಗ ಹೊಲಿಸಬೇಕು. ಆಮೇಲೆ ತಿಂಗಳುಗಟ್ಟಲೆ ಬಿಸಿ ಪಾತ್ರೆಯಿಂದ ಆ ಬೆರಳನ್ನು ಕಣ್ಣಿನಿಂದಲೇ ಕಾಯಬೇಕು. ಗಿಣ್ಣುಗಳು ಗಡುಸಾಗದಂತೆ ಇನ್ನೊಂದು ಕೈಯಿಂದ ಮಡಿಸಿ ಬಿಡಿಸಬೇಕು. ಪ್ರತಿ ಭೇಟಿಯಲ್ಲೂ ಡಾಕ್ಟರು ಮಣಿಕಟ್ಟಿನಿಂದ ಕೆಳಕ್ಕೆ ತಟ್ಟುತ್ತ ಬರುತ್ತಾರೆ, ಜುಂ ಅಂದ ಕಡೆ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾರೆ.